ಕುಂಬಳೆಗೆ ಎಷ್ಟು ಸಾಲು? ಒಟ್ಟಾಗಿ ಸಂಶೋಧನೆ ಮಾಡುವವರಿಗೆ ಟಿಪ್ಪಣಿ

ಕಾಸರಗೋಡಿನ ಊರ ಹೆಸರುಗಳ ಮೇಲೆ ನಾವು ನಾಲ್ವರು ಕೆಲಸ ಮಾಡುತ್ತಿದ್ದೇವೆ. ಎಲ್ಲರೂ ಒಂದೇ ಗೂಗಲ್ ಶೀಟ್ ತುಂಬಿಸುವುದು. ತಿಂಗಳು ಕಳೆದು ನೋಡಿದರೆ ಒಂದೇ ಊರು ಮೂರು ಸಾಲಿನಲ್ಲಿತ್ತು: ಕುಂಬಳೆ, ಕುಂಬಳ, ಕುಂಬ್ಳ. ಒಂದು ಕನ್ನಡದ್ದು, ಒಂದು ಮಲಯಾಳದ್ದು, ಇನ್ನೊಂದು ಇಂಗ್ಲಿಷ್ ಬರಹ ನೋಡಿ ಬರೆದದ್ದು. ಯಾವುದೂ ತಪ್ಪಲ್ಲ. ಆದರೆ ಶೀಟ್‌ನ ಲೆಕ್ಕದಲ್ಲಿ ಅವು ಮೂರು ಊರು!

ಹಾಗಾಗಿ ಪ್ರತಿ ಊರಿಗೂ ಒಂದು ನಂಬರ್ ಕೊಟ್ಟೆವು. ಹೆಸರಿಗೆ ಬೇರೆ ಬೇರೆ ಕಾಲಂ ಮಾಡಿದೆವು: ಕನ್ನಡ, ತುಳು, ಮಲಯಾಳ, ದಾಖಲೆಯಲ್ಲಿ ಇದ್ದ ಹಾಗೆ. ಈ ಕೊನೆಯದನ್ನು ಯಾರೂ ತಿದ್ದುವಂತಿಲ್ಲ. ಹಳೆಯ ಗುಮಾಸ್ತರ ಕಾಗುಣಿತದ ತಪ್ಪೂ ನಮಗೆ ಬೇಕು.

ಜಿಲ್ಲೆಯ ಕಾಲಂ ಇನ್ನೂ ತಲೆಬಿಸಿ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. ಕೇರಳಕ್ಕೆ ಸೇರಿದ ಮೇಲೆ, 1957ರ ಜನವರಿಯಿಂದ, ಕಣ್ಣೂರು ಜಿಲ್ಲೆಯ ಭಾಗ. ಸ್ವಂತ ಜಿಲ್ಲೆ ಆದದ್ದು 1984ರಲ್ಲಿ. ದಾಖಲೆಯ ಇಸವಿ ಬರೆಯದೆ ಜಿಲ್ಲೆ ಮಾತ್ರ ಬರೆದರೆ, ಮುಂದೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ.

ಒಬ್ಬಳು ಗೆಳತಿ ತನ್ನ ಹಳೆಯ ಟಿಪ್ಪಣಿ ತಂದು ಅಂಟಿಸಿದಳು. ತೆರೆದರೆ ಬರೀ ವಿಚಿತ್ರ ಚಿಹ್ನೆಗಳು. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಳು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತದೆ, ಆದರೆ ಒಳಗಿರುವುದು ಕನ್ನಡ ಅಕ್ಷರವಲ್ಲ. ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಕಣ್ಣಿಂದ ಓದಿ. ಒತ್ತಕ್ಷರ, ಅರ್ಕಾವತ್ತು ಕೆಡುವುದು ಜಾಸ್ತಿ. ನಮ್ಮ ‘ಹೊಸದುರ್ಗ’ ಎರಡು ಸಲ ಕೆಟ್ಟಿತ್ತು.

ಶೀಟ್‌ನಲ್ಲಿ ಸುಮ್ನೆ ಫಿಲ್ಟರ್ ಹಾಕಬೇಡಿ. ಉಳಿದವರಿಗೂ ಅರ್ಧ ಸಾಲು ಕಾಣೆಯಾಗಿ ಗಾಬರಿಯಾಗುತ್ತದೆ. ‘ಫಿಲ್ಟರ್ ವ್ಯೂ’ ಬಳಸಿದರೆ ಅದು ನಿಮ್ಮ ಪರದೆಗೆ ಮಾತ್ರ.

ಆಕರಗಳ ಪಟ್ಟಿಗೆ ಝೊಟೆರೊ ಎಂಬ ತಂತ್ರಾಂಶ ಸಾಕು, ಉಚಿತ. ಗುಂಪಿನ ಲೈಬ್ರರಿ ಮಾಡಬಹುದು. ಆದರೆ ಫೈಲ್ ಇಡಲು ಉಚಿತವಾಗಿ ಸಿಗುವುದು 300 ಎಂಬಿ, ಅದೂ ಗುಂಪಿನ ಒಡೆಯರ ಖಾತೆಯಿಂದ ಖರ್ಚಾಗುತ್ತದೆ. ಸ್ಕ್ಯಾನ್ ಮಾಡಿದ ದಪ್ಪ ಪುಸ್ತಕಗಳನ್ನು ಗೂಗಲ್ ಡ್ರೈವ್‌ನಲ್ಲಿಟ್ಟು, ಝೊಟೆರೊದಲ್ಲಿ ಕೊಂಡಿ ಮಾತ್ರ ಹಾಕಿ.

ಹಿರಿಯರ ಧ್ವನಿಮುದ್ರಣದ ಫೋಲ್ಡರನ್ನು ಮಾತ್ರ ‘ಲಿಂಕ್ ಇದ್ದ ಯಾರಿಗೂ’ ಎಂದು ತೆರೆದಿಡಬೇಡಿ. ಅಜ್ಜಿಯೊಬ್ಬರಲ್ಲಿ ಬಯಲಿನ ಹೆಸರು ಕೇಳಲು ಹೋಗಿದ್ದೆವು. ಹೆಸರಿನ ಜೊತೆಗೆ ಎರಡು ಮನೆಗಳ ಜಾಗದ ಜಗಳವನ್ನೂ ಹೇಳಿಬಿಟ್ಟರು. ಆ ಮನೆಯವರು ಈಗಲೂ ಅಕ್ಕಪಕ್ಕದಲ್ಲೇ ಇದ್ದಾರೆ, ಅಲ್ವಾ?