ಹಿಂದೆ ಆದ ಚಿಕಿತ್ಸೆ ಮುಚ್ಚಿಡಬೇಡಿ, ಆ ಟ್ರಯಲ್ ಇರುವುದೇ ನಿಮ್ಮಂಥವರಿಗೆ

ಗಂಟಲು ಕ್ಯಾನ್ಸರ್‌ಗೆ ಹೊಸ ಟಾರ್ಗೆಟೆಡ್ ಔಷಧಿ ಬಂದಿದೆಯಂತೆ, ಬೆಂಗಳೂರಲ್ಲಿ ಟ್ರಯಲ್ ನಡೀತಿದೆಯಂತೆ ಎಂಬ ಸುದ್ದಿ ಕೋಲಾರದ ಒಂದು ವಾಟ್ಸಾಪ್ ಗುಂಪಿಗೆ ಬಿದ್ದರೆ ಸಾಕು, ಆ ವಾರವೆಲ್ಲ ನನ್ನ ಓಪಿಡಿಯಲ್ಲಿ ಅದೇ ಮಾತು. (ಟಾರ್ಗೆಟೆಡ್ ಎಂದರೆ ಗಡ್ಡೆಯಲ್ಲಿರುವ ಒಂದು ನಿರ್ದಿಷ್ಟ ಗುರಿಗೇ ಹೊಡೆಯುವ ಔಷಧಿ; ಟ್ರಯಲ್ ಎಂದರೆ ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವುದು.) "ಡಾಕ್ಟ್ರೇ, ನಮ್ಮಪ್ಪನಿಗೂ ಒಂದು ಚೀಟಿ ಬರೆದುಕೊಡಿ." ಕೇಳುವುದರಲ್ಲಿ ತಪ್ಪೇನೂ ಇಲ್ಲ. ನನಗೆ ಸಂಕಟವಾಗುವುದು ಅದರ ಬೆನ್ನಿಗೇ ಬರುವ ಸುಳ್ಳಿನಿಂದ. ಮುಂಚೆ ಏನಾದರೂ ಚಿಕಿತ್ಸೆ ಆಗಿದೆಯಾ ಎಂದರೆ ಮನೆಯವರೆಲ್ಲ ಒಟ್ಟಿಗೆ ತಲೆಯಾಡಿಸುತ್ತಾರೆ: "ಏನೂ ಇಲ್ಲ ಸಾರ್."

ಶ್ರೀನಿವಾಸಪುರದ ಕಡೆಯ ಒಬ್ಬ ಮಾವಿನ ತೋಟದವರನ್ನು ಮಗ ಹೀಗೇ ಕರೆತಂದಿದ್ದ. ಏನೂ ಆಗಿಲ್ಲ ಎಂದು ಅವನು ಹೇಳುತ್ತಿರುವಾಗಲೇ ನಾನು ಅಪ್ಪನ ಕುತ್ತಿಗೆ ಮುಟ್ಟಿ ನೋಡುತ್ತಿದ್ದೆ. ಚರ್ಮ ಕಪ್ಪಾಗಿ ಬಿಗಿದುಕೊಂಡಿತ್ತು. ಕೆನ್ನೆಯ ಮೇಲೆ ಗಡ್ಡವಿತ್ತು, ದವಡೆಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಎರಡು ಮಾತಿಗೊಮ್ಮೆ ಬಾಟಲಿಯಿಂದ ನೀರು ಗುಟುಕರಿಸುತ್ತಿದ್ದರು. "ಕರೆಂಟ್ ಯಾವಾಗ ಕೊಡಿಸಿದ್ರಿ?" ಎಂದೆ. ರೇಡಿಯೇಷನ್ ಚಿಕಿತ್ಸೆಗೆ ನಮ್ಮ ಕಡೆ ಕರೆಂಟ್ ಎನ್ನುತ್ತಾರೆ. ಮಗ ನೆಲ ನೋಡಿದ. ಅಪ್ಪನೇ ಗೊಗ್ಗರು ದನಿಯಲ್ಲಿ ಹೇಳಿದರು: "ಹೋದ್ ಯುಗಾದಿಗೆ ಮುಗೀತು ಸ್ವಾಮಿ. ಹೇಳಿದ್ರೆ ಸೇರಿಸ್ಕಳಲ್ಲ ಅಂತ ಇವ್ನು ಬೇಡ ಅಂದ." ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಪ್ಪ ಉಳಿಯಲಿ ಎಂದು ತಾನೇ ಅವನು ಹಾಗೆ ಮಾಡಿದ್ದು? ಆದರೆ ಆ ಸುಳ್ಳಿನಿಂದ ಬಾಗಿಲು ಮುಚ್ಚುತ್ತಿದ್ದದ್ದು ಅಪ್ಪನಿಗೇ.

ದಯವಿಟ್ಟು ಇದೊಂದನ್ನು ಕೇಳಿಸಿಕೊಳ್ಳಿ. ಇಂಥ ಟ್ರಯಲ್‌ಗಳಲ್ಲಿ ಹಲವು ನಡೆಯುವುದೇ ಆಪರೇಷನ್, ಕರೆಂಟ್, ಕೀಮೋ ಆದ ಮೇಲೂ ಗಡ್ಡೆ ಮತ್ತೆ ಬಂದವರಿಗಾಗಿ. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಗೆ 2016ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಅನುಮತಿ ಸಿಕ್ಕಿತು. ಅದನ್ನು ಪರೀಕ್ಷಿಸಿದ್ದು ಸಿಸ್‌ಪ್ಲಾಟಿನ್ ಜಾತಿಯ ಕೀಮೋ ಪಡೆದ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿದವರ ಮೇಲೆ. ವರ್ಷದ ಕೊನೆಗೆ ಬದುಕಿದ್ದವರು ಹೊಸ ಔಷಧಿಯಲ್ಲಿ ನೂರಕ್ಕೆ 36, ಹಳೆಯದರಲ್ಲಿ ಸುಮಾರು 17. ಆ ಟ್ರಯಲ್‌ಗೆ ಹೋಗಿ "ಕೀಮೋ ಆಗಿಯೇ ಇಲ್ಲ" ಎಂದಿದ್ದರೆ ವಾಪಸ್ ಕಳಿಸುತ್ತಿದ್ದರು. ಆರು ತಿಂಗಳ ಲೆಕ್ಕ ಹಾಕುವುದು ಕೊನೆಯ ಕೀಮೋ ತಾರೀಖಿನಿಂದ. ತಾರೀಖೇ ಇಲ್ಲದಿದ್ದರೆ ಲೆಕ್ಕವೆಲ್ಲಿ?

ಹೇಗೋ ಸೇರಿಸಿಕೊಂಡರು ಎಂದೇ ಇಟ್ಟುಕೊಳ್ಳೋಣ. ಹಳೆಯ ಔಷಧಿ ಮೈಯಿಂದ ಇಳಿಯಲು ಸಾಮಾನ್ಯವಾಗಿ ಕೆಲವು ವಾರ ಬಿಡುವು ಕೊಡುತ್ತಾರೆ. ಮುಚ್ಚಿಟ್ಟರೆ ಆ ಬಿಡುವು ಸಿಗುವುದಿಲ್ಲ. ರಕ್ತನಾಳಗಳ ಮೇಲೆ ಕೆಲಸ ಮಾಡುವ ಕೆಲವು ಔಷಧಿಗಳಿಂದ, ಮೊದಲೇ ಕರೆಂಟ್ ಕೊಟ್ಟ ಕುತ್ತಿಗೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಆ ಜಾಗದಲ್ಲಿ ರಕ್ತ ಒಸರಿದರೆ ತಡೆಯುವುದು ಬಹಳ ಕಷ್ಟ. ನಾಟಿ ಔಷಧಿಯ ಮಾತೂ ಇದೇ. ಅದರಿಂದ ಲಿವರ್ ಕೆಟ್ಟರೆ ತಪ್ಪು ಹೊಸ ಔಷಧಿಯ ತಲೆಗೆ ಬರುತ್ತದೆ. ಗಂಭೀರ ತೊಂದರೆಯಾದರೆ ಟ್ರಯಲ್ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕೆಂದು 2019ರ ನಿಯಮವಿದೆ. ಸುಳ್ಳಿನ ಮೇಲೆ ನಿಂತ ಆ ವರದಿಯಿಂದ ಒಳ್ಳೆಯ ಔಷಧಿಗೂ ಕೆಟ್ಟ ಹೆಸರು ಬರಬಹುದು. ಬೀಡಿಯನ್ನೂ ಮರೆಮಾಚಬೇಡಿ. ಎರ್ಲೊಟಿನಿಬ್ ಎಂಬ ಟಾರ್ಗೆಟೆಡ್ ಮಾತ್ರೆ ನುಂಗುತ್ತಾ ಬೀಡಿ ಸೇದಿದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಬಹುದು.

ಹೊಸ ಔಷಧಿ ಎಂದ ಮಾತ್ರಕ್ಕೆ ಗುಣವಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ತಲೆ–ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಗಡ್ಡೆಗಳ ಮೇಲೆ ಇಜಿಎಫ್‌ಆರ್ ಎಂಬ ಪ್ರೋಟೀನ್ ಇರುತ್ತದೆ. ಅದಕ್ಕೇ ಗುರಿಯಿಟ್ಟ ಸೆಟುಕ್ಸಿಮ್ಯಾಬ್‌ನಿಂದ, ಕೀಮೋ ಸೋತವರಲ್ಲಿ ಗಡ್ಡೆ ಕುಗ್ಗಿದ್ದು ನೂರಕ್ಕೆ ಸುಮಾರು ಹದಿಮೂರು ಮಂದಿಗೆ. ಅದೇ ಗುರಿಯ ಅಫಾಟಿನಿಬ್ ಮಾತ್ರೆಯನ್ನು ಹಳೆಯ ಕೀಮೋ ಔಷಧಿ ಮೆಥೊಟ್ರೆಕ್ಸೇಟ್ ಜೊತೆ ಹೋಲಿಸಿದಾಗ, ಕಾಯಿಲೆ ಬೆಳೆಯದೆ ತಡೆದ ಅವಧಿ 1.7 ತಿಂಗಳಿಂದ 2.6ಕ್ಕೆ ಏರಿತು, ಆಯುಷ್ಯ ಹೆಚ್ಚಲಿಲ್ಲ. ಇದನ್ನೆಲ್ಲ ತಿಳಿದುಕೊಂಡದ್ದು ಟ್ರಯಲ್‌ಗಳಿಂದಲೇ. ನಮ್ಮ ಬಡ ರೋಗಿಗಳಿಗೆ ನಿಜವಾಗಿ ದಾರಿ ತೋರಿಸಿದ್ದೂ ಒಂದು ಟ್ರಯಲ್ಲೇ: ಮುಂಬೈನ ಟಾಟಾ ಮೆಮೋರಿಯಲ್‌ನವರು ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ, ಎರ್ಲೊಟಿನಿಬ್, ಈ ಮೂರರ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟು ನೋಡಿದರು; ಮಾಮೂಲಿಗಿಂತ ಬಹಳ ಕಡಿಮೆ ಡೋಸ್, ಹಾಗಾಗಿ ಖರ್ಚೂ ಕಡಿಮೆ. ವರ್ಷದ ಕೊನೆಗೆ ಬದುಕಿದ್ದವರು ಬರೀ ಮಾತ್ರೆ ಪಡೆದವರಲ್ಲಿ ನೂರಕ್ಕೆ 16, ನಿವೊಲುಮ್ಯಾಬ್ ಸೇರಿಸಿದವರಲ್ಲಿ 43. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎಲೆಅಡಿಕೆ, ಹೊಗೆಸೊಪ್ಪು ಬಾಯಲ್ಲಿಟ್ಟುಕೊಂಡೇ ದಿನ ಕಳೆದ ನಮ್ಮ ಹೆಂಗಸರನ್ನು ನೋಡುವಾಗಲೆಲ್ಲ ಆ ಅಂಕಿ ನನಗೆ ನೆನಪಾಗುತ್ತದೆ. ಟ್ರಯಲ್‌ಗೆ ಹೆಸರು ಕೊಟ್ಟ ಆ ರೋಗಿಗಳಿಗೆ ನಾವೆಲ್ಲ ಋಣಿಗಳು.

ನಿಜ ಹೇಳಿದರೂ ಸೇರಿಸಿಕೊಳ್ಳದೇ ಇರಬಹುದು. ಒಂದೊಂದು ಟ್ರಯಲ್‌ಗೆ ಒಂದೊಂದು ಷರತ್ತು, ಅದನ್ನು ತೀರ್ಮಾನಿಸುವವನು ನಾನಲ್ಲ. ಸೇರದಿದ್ದರೂ ಮಾಮೂಲಿ ಚಿಕಿತ್ಸೆ ಯಾರೂ ನಿಲ್ಲಿಸುವುದಿಲ್ಲ. ಸೇರಿದ ಮೇಲೆ ಬೇಡವೆನಿಸಿದರೆ ಯಾವತ್ತು ಬೇಕಾದರೂ ಹೊರಬರಬಹುದು.

ಕಾಗದ ಕಳೆದಿದ್ದರೆ ಹೆದರಬೇಡಿ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ರೋಗಿಯ ನಂಬರ್ ಹೇಳಿ ಡಿಸ್ಚಾರ್ಜ್ ಸಮ್ಮರಿ ಕೇಳಿ. ಎಷ್ಟು ಗ್ರೇ (ರೇಡಿಯೇಷನ್ ಅಳೆಯುವ ಮಾನ) ಕರೆಂಟ್, ಯಾವ ಭಾಗಕ್ಕೆ ಎಂಬುದು ರೇಡಿಯೇಷನ್ ವಿಭಾಗದಲ್ಲಿ ಸಿಗುತ್ತದೆ. ಬಯಾಪ್ಸಿ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಲ್ಯಾಬಿನಲ್ಲಿರುತ್ತದೆ. ಟಾರ್ಗೆಟೆಡ್ ಔಷಧಿಯ ಗುರಿ ಗಡ್ಡೆಯಲ್ಲಿದೆಯೇ ಎಂದು ನೋಡಲು ಹಲವು ಟ್ರಯಲ್‌ಗಳು ಅದನ್ನೇ ಕೇಳುತ್ತವೆ. ಇವನ್ನೆಲ್ಲ ರೋಗಿ ಎದ್ದು ಓಡಾಡುವ ಸ್ಥಿತಿಯಲ್ಲಿ ಇರುವಾಗಲೇ ತರಿಸಿಕೊಳ್ಳಿ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಟ್ರಯಲ್‌ಗೆ ತೆಗೆದುಕೊಳ್ಳುವುದಿಲ್ಲ.