ಮೆಮೊರಿಗೆ ಎರಡು ಸಲ ಬರೀಬೇಕು: ಯುವಿ-5ಆರ್, ಬ್ಯಾಂಡ್ ಬಟನ್, ಬಾಹ್ಯಾಕಾಶ ನಿಲ್ದಾಣ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಾಹ್ಯಾಕಾಶ ನಿಲ್ದಾಣದ ಚಾನೆಲ್ ನನ್ನ ರೇಡಿಯೊ ಮೆಮೊರಿಗೆ ಕೊನೆಗೂ ಸರಿಯಾಗಿ ಸೇವ್ ಆಯ್ತು, ಮರೆಯೋದ್ರೊಳಗೆ ಬರ್ದಿಡ್ತಾ ಇದೀನಿ. ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ತಗೊಂಡು ಯುವಿ-5ಆರ್ ಅನ್ನೋ ಪುಟ್ಟ ರೇಡಿಯೊ ಕೈಲಿ ಹಿಡ್ಕೊಂಡು ಕೂತವರಿಗೆ ಇದು. ವಾಲ್ಯೂಮ್, ಸ್ಕ್ವೆಲ್ಚ್ (ಸಿಗ್ನಲ್ ಇಲ್ದಾಗ ಗದ್ದಲ ಮುಚ್ಚೋದು) ಎಲ್ಲ ಇಲ್ಲಿ ಹೇಳಲ್ಲ.

ನಂಗೆ ಬೇಕಾಗಿದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್. ಅದು ನಮ್ಮ ಮಾತು ಕೇಳಿಸ್ಕೊಳ್ಳೋದು 145.990 ಮೆಗಾಹರ್ಟ್ಸ್‌ನಲ್ಲಿ, ಜತೆಗೆ ರಿಪೀಟರ್ ತೆರೆಯೋಕೆ 67 ಹರ್ಟ್ಸ್ ಟೋನ್ ಬೇಕು, ತಿರುಗಿ ಕೆಳಗೆ ಕಳ್ಸೋದು 437.800ರಲ್ಲಿ. ಅಂದ್ರೆ ನಾವು ಮಾತಾಡೋದು ವಿಎಚ್‌ಎಫ್, ಕೇಳೋದು ಯುಎಚ್‌ಎಫ್, ಒಂದೇ ಚಾನೆಲ್ ನಂಬರಲ್ಲಿ ಎರಡು ಬ್ಯಾಂಡ್ ಕೂರ್ಬೇಕು. ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಓಡ್ತಾ ಇರತ್ತೆ, ನಮ್ಮ ತಲೆ ಮೇಲಿಂದ ಹೋದ್ರೂ ಹತ್ತು ನಿಮಿಷದಷ್ಟೇ ಸಿಗತ್ತೆ, ಅಷ್ಟರಲ್ಲಿ ಬ್ಯಾಂಡ್ ಬಟನ್ ಒತ್ತಿ ಫ್ರೀಕ್ವೆನ್ಸಿ ಹೊಡೀತಾ ಕೂತ್ರೆ ಅದು ಹೋಗೇಬಿಡತ್ತೆ. ಅದಕ್ಕೇ ಮೆಮೊರಿ.

ನಾನು ಸಿಕ್ಕಿಹಾಕ್ಕೊಂಡ ಜಾಗ

ವಿಎಫ್‌ಓ ಅಂದ್ರೆ ನಾವೇ ಫ್ರೀಕ್ವೆನ್ಸಿ ಹೊಡೆಯೋ ಮೋಡ್, ಎಂಆರ್ ಅಂದ್ರೆ ಸೇವ್ ಆಗಿರೋದನ್ನ ತೆಗೆಯೋ ಮೋಡ್. ಸೇವ್ ಮಾಡೋದು ಯಾವಾಗ್ಲೂ ವಿಎಫ್‌ಓನಿಂದ, ಅದೂ ಡಿಸ್ಪ್ಲೇಯ ಮೇಲಿನ ಸಾಲಿಂದ, ಅಂದ್ರೆ ಎ ಕಡೆಯಿಂದ. ಕೆಳಗಿನ ಸಾಲಲ್ಲಿ ಹೊಡೆದು ಸೇವ್ ಕೊಟ್ರೆ ಉಳಿಯಲ್ಲ. 7ನೇ ಮೆನು ಟಿಡಿಆರ್ (ಎರಡೂ ಸಾಲು ಕೇಳ್ತಾ ಇರೋದು) ಆಫ್ ಮಾಡಿ, 1ನೇ ಮೆನು ಸ್ಟೆಪ್ (ಫ್ರೀಕ್ವೆನ್ಸಿ ಏರಿಳಿಯೋ ಹೆಜ್ಜೆ) 5 ಕಿಲೋಹರ್ಟ್ಸ್‌ಗೆ ಇಡಿ. ಇಷ್ಟು ಸುಲಭ.

ನಾನು 437.800 ಹೊಡೆದೆ, 13ನೇ ಮೆನುನಲ್ಲಿ 67.0 ಟೋನ್ ಇಟ್ಟೆ, 27ನೇ ಮೆನುಗೆ ಹೋಗಿ ಚಾನೆಲ್ 10ಕ್ಕೆ ಸೇವ್ ಕೊಟ್ಟೆ. ರಿಸೀವಿಂಗ್ ಮೆಮೊರಿ ಅಂತ ರೇಡಿಯೊ ಹೇಳ್ತು, ನಾನು ಮುಗೀತು ಅಂದ್ಕೊಂಡೆ. ಎರಡು ದಿನ ಹಾಗೇ ಇತ್ತು. ಕುಮಟಾದ ಒಬ್ರು ಹಿರಿಯ ಹ್ಯಾಮ್ ಅಣ್ಣ ನೋಡಿ, "ತಂಗೀ, ನೀನು ಕಿವಿ ಮಾತ್ರ ಬರ್ದಿದೀಯ, ಬಾಯಿ ಬರೀಲೇ ಇಲ್ಲ" ಅಂದ್ರು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರ್ರು. ಮೊದಲ್ನೇ ಸಲ ಸೇವ್ ಆಗೋದು ಕೇಳೋ ಫ್ರೀಕ್ವೆನ್ಸಿ. ಎರಡ್ನೇ ಸಲ ಅದೇ ಚಾನೆಲ್ ನಂಬರಿಗೆ ಇನ್ನೊಂದು ಫ್ರೀಕ್ವೆನ್ಸಿ ಸೇವ್ ಕೊಟ್ರೆ ಅದು ಕಳ್ಸೋ ಫ್ರೀಕ್ವೆನ್ಸಿ ಆಗತ್ತೆ, ಆಗ ಟ್ರಾನ್ಸ್‌ಮಿಟಿಂಗ್ ಮೆಮೊರಿ ಅಂತ ಹೇಳತ್ತೆ. ಆ ಮಾತು ಕೇಳೋ ತನಕ ಪಿಟಿಟಿ (ಒತ್ತಿ ಮಾತಾಡೋ ಬಟನ್) ಮುಟ್ಟಬೇಡಿ. ಒಂದೇ ಸಲ ಬರ್ದು ಪಿಟಿಟಿ ಒತ್ತಿದ್ರೆ ನಾವು ಹೋಗೋದು 437.800ರಲ್ಲೇ, ಅಂದ್ರೆ ಎಲ್ರೂ ಕೇಳ್ತಾ ಇರೋ ಜಾಗಕ್ಕೇ ಹೋಗಿ ಅಡ್ಡ ನಿಂತ ಹಾಗೆ.

ಸರಿ, 145.990 ಹೊಡೆದೆ. ತಗೊಳ್ಳಲ್ಲ. ಆರೂ ಅಂಕಿ ಹೊಡೆದ ತಕ್ಷಣ ಹಳೇ 437.800ಕ್ಕೇ ವಾಪಸ್. ಐದಾರು ಸಲ ಹೊಡೆದೆ, ಬ್ಯಾಟರಿ ಕಮ್ಮಿ ಇರ್ಬೇಕು ಅಂತ ಚಾರ್ಜಿಗೂ ಇಟ್ಟೆ. ಕಾರಣ ಬ್ಯಾಂಡ್ ಬಟನ್! ವಿಎಫ್‌ಓ ಯುಎಚ್‌ಎಫ್‌ನಲ್ಲಿ ನಿಂತಿರುವಾಗ ವಿಎಚ್‌ಎಫ್ ಅಂಕಿ ಹೊಡೆದ್ರೆ ರದ್ದಾಗತ್ತೆ. ಮೊದ್ಲು ಬ್ಯಾಂಡ್ ಒತ್ತಿ 136–174ರ ಒಳಗಿನ ಯಾವ್ದೋ ಒಂದು ಅಂಕಿ ಬರ್ಲಿ, ಆಮೇಲೆ 145990 ಹೊಡೀರಿ, ಆಮೇಲೆ ಮತ್ತೆ 27, ಮತ್ತೆ ಅದೇ 10. ಊರ ಕಡೆ ರಿಪೀಟರ್ ಸೇವ್ ಮಾಡ್ದವ್ರಿಗೆ ಈ ತೊಂದರೆ ಗೊತ್ತೇ ಆಗಲ್ಲ, ಯಾಕಂದ್ರೆ 145.700 ಕೇಳಿ 600 ಕಿಲೋಹರ್ಟ್ಸ್ ಕೆಳಗೆ 145.100ರಲ್ಲಿ ಕಳ್ಸೋದಾದ್ರೆ ಎರಡೂ ಒಂದೇ ಬ್ಯಾಂಡು. ಅಲ್ಲೂ ಎರಡು ಸಲ ಬರೀಬೇಕು, ಬ್ಯಾಂಡ್ ಬಟನ್ ಮಾತ್ರ ಬೇಡ.

ಇನ್ನೊಂದು. ಮೊದಲ್ನೇ ಸಲ ಸೇವ್ ಕೊಡೋ ಮುಂಚೆ ಚಾನೆಲ್ ನಂಬರಿನ ಎಡಕ್ಕೆ ಸಿಎಚ್ ಅಂತ ಇದ್ರೆ ಅದ್ರಲ್ಲಿ ಆಗ್ಲೇ ಏನೋ ಇದೆ, 28ನೇ ಮೆನುನಲ್ಲಿ ಅಳಿಸಿ ಆಮೇಲೆ ಬರೀರಿ. ಬರೀ ನಂಬರ್ ಇದ್ರೆ ಖಾಲಿ. ಒಟ್ಟು 128 ಇವೆ, 0ರಿಂದ 127.

ಐದು ಚಾನೆಲ್ ಯಾಕೆ

ನಿಲ್ದಾಣ ನಮ್ಮ ಕಡೆ ಬರುವಾಗ ಫ್ರೀಕ್ವೆನ್ಸಿ ಏರಿದ ಹಾಗೆ, ದೂರ ಹೋಗುವಾಗ ಇಳಿದ ಹಾಗೆ ಕೇಳತ್ತೆ, ಡಾಪ್ಲರ್. 437ರಲ್ಲಿ ಇದು ಸುಮಾರು 10 ಕಿಲೋಹರ್ಟ್ಸ್ ಮೇಲೆ ಕೆಳಗೆ. ಅದಕ್ಕೆ ಮೊದ್ಲು ಬರ್ದ 10 ಅಳಿಸಿ, 10ರಿಂದ 14ರ ತನಕ ಕೇಳೋದು 437.810, .805, .800, .795, .790 ಅಂತ ಇಟ್ಟು ಕಳ್ಸೋದು ಐದರಲ್ಲೂ 145.990 ಇಡಿ, ವಿಎಚ್‌ಎಫ್‌ನಲ್ಲಿ ಬದಲಾವಣೆ ಮೂರು ಕಿಲೋಹರ್ಟ್ಸ್ ಆಸುಪಾಸು, ಎಫ್‌ಎಂಗೆ ನಡೆಯತ್ತೆ. ಪಾಸ್ ಶುರುವಾದಾಗ 10, ನಡು ನೆತ್ತಿಗೆ 12, ಕೊನೆಗೆ 14, ಬಾಣದ ಬಟನ್ ಒಂದೇ ದಿಕ್ಕಿಗೆ ಒತ್ತುತಾ ಹೋದ್ರೆ ಆಯ್ತು. ಐದು ಚಾನೆಲ್ ಅಂದ್ರೆ ಹತ್ತು ಸಲ ಸೇವ್, ಪ್ರತಿ ಸಲ ಬ್ಯಾಂಡ್ ಬದಲಾಯಿಸ್ಬೇಕು, ಬೇಜಾರಾಗತ್ತೆ ಆದ್ರೂ ಕೈಯಿಂದಾನೇ ಮಾಡಿ, ಆಮೇಲೆ ಜನ್ಮದಲ್ಲಿ ಮರೆಯಲ್ಲ. 15ನೇದು 145.800, ಕೆಲವು ಸಲ ಅಲ್ಲಿ ದನಿಯ ರೂಪದಲ್ಲಿ ಎಸ್‌ಎಸ್‌ಟಿವಿ ಚಿತ್ರ ಕಳಿಸ್ತಾರೆ.

ಕಾರವಾರದವ್ರಿಗೆ ಒಂದು ಅನುಕೂಲ ಇದೆ. ನಿಲ್ದಾಣ ಪಶ್ಚಿಮದಿಂದ ಪೂರ್ವಕ್ಕೆ ಹೋಗತ್ತೆ, ಟ್ಯಾಗೋರ್ ಬೀಚಲ್ಲಿ ನಿಂತ್ರೆ ಪಶ್ಚಿಮಕ್ಕೆ ಸಮುದ್ರ ಬಿಟ್ರೆ ಏನೂ ಅಡ್ಡ ಇಲ್ಲ. ಸಿರ್ಸಿ ಮಾವನ ಮನೆ ಅಡಿಕೆ ತೋಟದಲ್ಲಿ ಅದು ಮರಗಳ ಮೇಲೆ ಬರೋ ಹೊತ್ತಿಗೆ ಪಾಸು ಅರ್ಧ ಮುಗಿದಿರತ್ತೆ.

ಎಚ್‌ಎಫ್ ಸೆಟ್ಟಲ್ಲಿ

ಕುಮಟಾದ ಆ ಅಣ್ಣನ ಶಾರ್ಟ್‌ವೇವ್ ಸೆಟ್ ಐಸಿ-7300 ನೋಡಿದ್ಮೇಲೆ ಗೊತ್ತಾಗಿದ್ದು. ಅಲ್ಲಿ ಮೆಮೊರಿ ಬೇರೆ, ಬ್ಯಾಂಡ್ ಬಟನ್ ನೆನಪಿಟ್ಕೊಳ್ಳೋದು ಬೇರೆ. ಒಂದೊಂದು ಬ್ಯಾಂಡಿಗೂ ಮೂರು ಜಾಗ ಇದೆ, ನಾವು ಕೇಳ್ದೆನೇ ಅದು ಕೊನೇಲಿ ಬಿಟ್ಟ ಫ್ರೀಕ್ವೆನ್ಸಿ ಮತ್ತು ಮೋಡ್ ಇಟ್ಕೊಳ್ಳತ್ತೆ. ಸಂಜೆ 7.2 ಮೆಗಾಹರ್ಟ್ಸ್ ಮೇಲಿನ ಬ್ರಾಡ್‌ಕಾಸ್ಟ್ ಸ್ಟೇಷನ್ ಎಎಂನಲ್ಲಿ ಕೇಳಿ ಹಾಗೇ 14ಕ್ಕೆ ಹೋದ್ರೆ, ಬೆಳಿಗ್ಗೆ ನೆಟ್ಟಿಗೆ (ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ಸೇರಿ ಮಾತಾಡೋದು) ಅಂತ 7 ಒತ್ತಿದಾಗ ಅದೇ ಸ್ಟೇಷನ್, ಅದೇ ಎಎಂ. ಅದಕ್ಕೆ ದಿನಾ ಬೇಕಾಗೋ ನೆಟ್ ಫ್ರೀಕ್ವೆನ್ಸಿನ ಎಲ್‌ಎಸ್‌ಬಿ ಅನ್ನೋ ಮಾತಾಡೋ ಮೋಡ್ ಸಮೇತ ಮೆಮೊರಿಗೇ ಬರೀಬೇಕು, ಬ್ಯಾಂಡ್ ಬಟನ್ ನಂಬೋ ಹಾಗಿಲ್ಲ.

ಮತ್ತೆ, ಬಟನ್ ಒತ್ತಿದ್ರೆ ರೇಡಿಯೊ ಬ್ಯಾಂಡ್ ಬದಲಾಯಿಸತ್ತೆ, ಮರಕ್ಕೆ ಕಟ್ಟಿದ ವೈರು ಬದಲಾಗಲ್ಲ. 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನ ಡೈಪೋಲ್ ಅಂಟೆನಾ ಮೂರು ಪಟ್ಟು ಫ್ರೀಕ್ವೆನ್ಸಿಗೆ, ಅಂದ್ರೆ 21ಕ್ಕೂ ನಡೆಯತ್ತೆ, 14ಕ್ಕೆ ನಡೆಯಲ್ಲ. ಅಲ್ಲಿ ಕಳ್ಸೋ ಮುಂಚೆ ಅಂಟೆನಾದಿಂದ ಎಷ್ಟು ಪವರ್ ವಾಪಸ್ ಬರತ್ತೆ ಅಂತ ತೋರ್ಸೋ ಎಸ್‌ಡಬ್ಲ್ಯುಆರ್ ಮೀಟರ್ ನೋಡಿ.