ಯಾಕೋಬನ ಪತ್ರದಲ್ಲಿ ನಂಬಿಕೆ, ನಡತೆ ಮತ್ತು ಪ್ರಾರ್ಥನೆ: ಅಧ್ಯಯನ ಟಿಪ್ಪಣಿ

ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರ ಐದು ಅಧ್ಯಾಯಗಳ, 108 ವಚನಗಳ ಚಿಕ್ಕ ಬರಹ. ನಂಬಿಕೆ ನಿಜವೋ ಅಲ್ಲವೋ ಎಂಬುದು ನಡತೆಯಲ್ಲಿ ತಿಳಿಯುತ್ತದೆ ಎಂಬ ಅದರ ಬೋಧನೆ ಎಲ್ಲರಿಗೂ ಪರಿಚಿತ. ಆದರೆ ಇದೇ ಪತ್ರದ ಮೊದಲ ಸಾಲುಗಳಲ್ಲಿಯೂ (1:5) ಕೊನೆಯ ಭಾಗದಲ್ಲಿಯೂ (5:13–18) ಪ್ರಾರ್ಥನೆಯ ಮಾತು ಬರುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಮೊದಲು 2:15–16ನ್ನು ನಿಧಾನವಾಗಿ ಓದೋಣ. ಉಡಲು ಬಟ್ಟೆಯಿಲ್ಲದೆ, ಆ ದಿನದ ಊಟಕ್ಕೂ ಗತಿಯಿಲ್ಲದೆ ಬಂದ ಸಹೋದರನಿಗೋ ಸಹೋದರಿಗೋ ಒಬ್ಬನು, ಸಮಾಧಾನದಿಂದ ಹೋಗಿರಿ, ಬೆಚ್ಚಗಿರಿ, ಹೊಟ್ಟೆತುಂಬ ಉಣ್ಣಿರಿ ಎಂದು ಹೇಳಿ ಏನನ್ನೂ ಕೊಡದೆ ಕಳುಹಿಸುತ್ತಾನೆ. ಅವನು ಬೈಯಲಿಲ್ಲ, ಬಾಗಿಲು ಮುಚ್ಚಲೂ ಇಲ್ಲ. ಅವನ ಮಾತು ಆಶೀರ್ವಾದದಂತೆಯೇ ಕೇಳಿಸುತ್ತದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಗೆ ಯೇಸು ಹೇಳಿದ್ದೂ ಸಮಾಧಾನದಿಂದ ಹೋಗು ಎಂದೇ (ಮಾರ್ಕ 5:34). ಆದರೆ ಅಲ್ಲಿ ಆಕೆಗೆ ಗುಣವಾದ ಮೇಲೆ ಬಂದ ಮಾತು, ಇಲ್ಲಿ ಕೊಡಬೇಕಾದದ್ದರ ಬದಲಿಗೆ ಬಂದಿದೆ. ಯಾಕೋಬನು ಸತ್ತದ್ದೆಂದು ಕರೆಯುವ ನಂಬಿಕೆ ನಾಸ್ತಿಕನದಲ್ಲ, ಹೀಗೆ ಭಕ್ತಿಯ ಮಾತನ್ನೇ ಆಡುವವನದು ಎಂಬುದು ನನಗೆ ಈ ಭಾಗದ ತೀಕ್ಷ್ಣವಾದ ಅಂಶವಾಗಿ ಕಾಣುತ್ತದೆ.

ಅಪೊಸ್ತಲ ಪೌಲನೊಂದಿಗಿನ ವಿರೋಧದ ಪ್ರಶ್ನೆ ಇಲ್ಲಿ ಏಳುವುದು ಸಹಜ: ಮನುಷ್ಯನು ನೀತಿವಂತನೆನಿಸುವುದು ನೇಮನಿಷ್ಠೆಗಳಿಲ್ಲದೆ ನಂಬಿಕೆಯಿಂದಲೇ ಎಂದು ಪೌಲನು ಹೇಳಿದರೆ (ರೋಮಾ 3:28), ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಎಂದು ಯಾಕೋಬನು ಹೇಳುತ್ತಾನೆ (ಯಾಕೋಬ 2:24). ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ತನ್ನ ಜರ್ಮನ್ ಹೊಸ ಒಡಂಬಡಿಕೆಯ 1522ರ ಮುನ್ನುಡಿಯಲ್ಲಿ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರವೆಂದು, ಅಂದರೆ ಸತ್ವ ಕಡಿಮೆಯಾದದ್ದೆಂದು, ಕರೆದದ್ದೂ ಇದೇ ಹಿನ್ನೆಲೆಯಲ್ಲಿ. ಆದರೆ ಯಾಕೋಬನು ಅಬ್ರಹಾಮನ ನಂಬಿಕೆ ನೀತಿಯೆಂದು ಎಣಿಸಲ್ಪಟ್ಟ ವಚನವನ್ನು (ಆದಿಕಾಂಡ 15:6) ತಾನೇ ಎತ್ತಿ ಹೇಳಿ, ಅಬ್ರಹಾಮನು ತನ್ನ ಮಗ ಇಸಾಕನನ್ನು ಅರ್ಪಿಸಲು ಹೋದಾಗ ಅದು ನೆರವೇರಿತು ಎನ್ನುತ್ತಾನೆ. ನಡತೆ ಅವನಿಗೆ ನಂಬಿಕೆಯ ಬೆಲೆಯಲ್ಲ, ಅದರ ಉಸಿರು.

ಈಗ ಪ್ರಾರ್ಥನೆ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟ ಧನಿಕರಿಗೆ, ಆ ಕೂಲಿಯೇ ಕೂಗುತ್ತಿದೆ, ಕೊಯ್ದವರ ಮೊರೆ ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಎಂಬ ಎಚ್ಚರಿಕೆ ಇದೆ (5:4). ಕೂಲಿ ಕೊಡದವನು ಎಷ್ಟೇ ಹೊತ್ತು ಮೊಣಕಾಲೂರಿದರೂ ಅವನಿಗಿಂತ ಮೊದಲೇ ಬೇರೊಬ್ಬರ ಮೊರೆ ಅಲ್ಲಿಗೆ ತಲುಪಿರುತ್ತದೆ. ಪೇತ್ರನು ಇದನ್ನು ಮನೆಯೊಳಕ್ಕೇ ತಂದು, ಪ್ರಾರ್ಥನೆಗೆ ಅಡ್ಡಿಯಾಗದಂತೆ ಹೆಂಡತಿಯನ್ನು ಗೌರವದಿಂದ ನಡೆಸಿಕೊಳ್ಳಬೇಕೆಂದು ಗಂಡಂದಿರಿಗೆ ಬರೆಯುತ್ತಾನೆ (1 ಪೇತ್ರ 3:7). ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಯೇಸುವಿನ ಮಾತೂ (ಮತ್ತಾಯ 5:23–24) ಇದೇ ಕ್ರಮವನ್ನು ಹೇಳುತ್ತದೆ.

ಹಾಗಾದರೆ ನಡತೆ ಪೂರ್ಣವಾಗುವ ತನಕ ಪ್ರಾರ್ಥಿಸಬಾರದೆ? ಯಾಕೋಬನು ಹಾಗೆ ಹೇಳುವುದಿಲ್ಲ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎನ್ನುತ್ತಾನೆ (5:16). ಅಂದರೆ ತಪ್ಪಿದ್ದೇವೆಂದು ಒಪ್ಪಿಕೊಳ್ಳುವವರೇ ಇಲ್ಲಿ ಪ್ರಾರ್ಥಿಸುವವರು. ಅವನು ಕೊಡುವ ಮಾದರಿಯೂ ಎಲೀಯನದು. ಮಳೆಗಾಗಿ ಪ್ರಾರ್ಥಿಸಿದ ಆ ಪ್ರವಾದಿಯನ್ನು ನಮ್ಮಂಥ ಸ್ವಭಾವವುಳ್ಳ ಮನುಷ್ಯನೆಂದೇ ಪರಿಚಯಿಸುತ್ತಾನೆ (5:17). ಮಳೆ ಬಂದ ಬೆನ್ನಲ್ಲೇ ಅದೇ ಎಲೀಯನು ಜೀವಭಯದಿಂದ ಓಡಿ, ಅಡವಿಯಲ್ಲಿ ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡಿಕೊಂಡಿದ್ದನು (1 ಅರಸುಗಳು 19:4).